ಗೋಡೆಯಾಚೆಯ ಮೇಷ್ಟ್ರು

ನಿನಗೆ ಮೊದಲು ಪಾಠ ಹೇಳಿದವರು ಯಾರು ಎಂದು ಕೇಳಿದರೆ ನಿಮ್ಮಪ್ಪ 'ನಮ್ಮಮ್ಮ' ಎನ್ನುತ್ತಾನೆ. ಮೊನ್ನೆ ನೆಂಟರ ಮುಂದೆಯೂ ಹಾಗೇ ಅಂದ. ನೀವೆಲ್ಲ ನನ್ನ ಕಡೆ ತಿರುಗಿ ನೋಡಿದಿರಿ. ಅಷ್ಟು ಜನರ ಎದುರು ನನಗೆ ಬಾಯಿ ಬರಲಿಲ್ಲ, ಎದ್ದು ಒಳಗೆ ಹೋದೆ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಅದರಲ್ಲಿ ಒಬ್ಬರು ಬಿಟ್ಟುಹೋಗಿದ್ದಾರೆ. ಆಡಲಾರದ್ದನ್ನು ಬರೆಯುವುದು ನನಗೆ ಸುಲಭ. ಅದಕ್ಕೇ ಬರೆಯುತ್ತಿದ್ದೇನೆ.

ಊರಿನವರು ಅವರನ್ನು ಪಾವಗಡದ ಮೇಷ್ಟ್ರು ಎನ್ನುತ್ತಿದ್ದರು. ಹೆಸರು ನನಗೆ ಗೊತ್ತಿತ್ತು. ಎಂದೂ ಬಾಯಲ್ಲಿ ಆಡಿದ ಹೆಸರಲ್ಲವಾದ್ದರಿಂದ ಈಗ ಬರೆಯಲೂ ಕೈ ಬರುವುದಿಲ್ಲ. ಅವರು ಹೇಗಿದ್ದರು ಎಂದು ನೀವು ಕೇಳಿದರೆ ಹೇಳುವುದೂ ಕಷ್ಟ. ಒಂದು ವರ್ಷ ಅವರ ದನಿಯನ್ನು ದಿನವೂ ಕೇಳಿದ್ದೇನೆ, ಮುಖವನ್ನು ನೆಟ್ಟಗೆ ನೋಡಿದ್ದಿಲ್ಲ. ನಡುಮನೆಯ ಗೋಡೆಯಲ್ಲಿ ಜಗಲಿಯ ಕಡೆಗೆ ಒಂದು ಕಿಂಡಿ ಇತ್ತು. ಅದರಿಂದ ನನಗೆ ಕಾಣುತ್ತಿದ್ದುದು ಒಂದು ಕಿವಿ, ಬಿಳಿ ಪೇಟದ ಅಂಚು, ಹೆಗಲ ಮೇಲೆ ಮಡಿಸಿ ಹಾಕಿದ ಕರಿ ಕೋಟು. ಆ ಕೋಟನ್ನು ತೊಟ್ಟಿದ್ದನ್ನು ನಾನು ಕಾಣೆ. ಬಿಸಿಲಾದರೂ ಚಳಿಯಾದರೂ ಅದು ಹೆಗಲ ಮೇಲೇ ಇರುತ್ತಿತ್ತು. ನಡೆಯುವಾಗ ಎಡಗಾಲಿನ ಮೆಟ್ಟು ನೆಲಕ್ಕೆ ಉಜ್ಜುತ್ತಿತ್ತು. ನಶ್ಯದ ಡಬ್ಬಿಯನ್ನು ಉಗುರಿನಿಂದ ತಟ್ಟುತ್ತಿದ್ದರು. ಆಮೇಲೆ ಸೀನು ಬರುತ್ತದೆ ಎಂದು ನಾನು ಒಳಗೆ ಕಾಯುತ್ತಿದ್ದೆ. ಯಾವತ್ತೂ ಬರುತ್ತಿರಲಿಲ್ಲ.

ಅವರು ಪಾವಗಡದ ಕಡೆ ಹಳ್ಳಿಹಳ್ಳಿಯಲ್ಲಿ ಮೇಷ್ಟ್ರಾಗಿದ್ದು ಪಿಂಚಣಿ ಬಂದ ಮೇಲೆ ನಮ್ಮೂರಿಗೆ ಬಂದವರು. ನಮ್ಮ ಎದುರು ಮನೆಗೆ ಅವರ ತಂಗಿಯನ್ನು ಕೊಟ್ಟಿತ್ತು. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತಂತೆ, ಮಕ್ಕಳಿರಲಿಲ್ಲ. ತಂಗಿಯ ಮನೆಯಲ್ಲಿ ಉಣ್ಣುವುದು, ಮಧ್ಯಾಹ್ನ ನಮ್ಮ ಜಗಲಿಗೆ ನೆರಳು ತಿರುಗಿದಾಗ ಬಂದು ಗೋಡೆಗೆ ಒರಗಿ ಕೂರುವುದು. ಯಾರಾದರೂ ಮಾತಾಡಿಸಿದರೆ ಮಾತು. ಇಲ್ಲದಿದ್ದರೆ ಸುಮ್ಮನೆ ಬೀದಿ ನೋಡುತ್ತ ಕೂತಿರುತ್ತಿದ್ದರು.

ಆಗ ಮಹಾರಾಜರ ಕಾಲ. ನಿಮ್ಮ ತಾತ ಹುಣಸೆಹಣ್ಣನ್ನು ಗಾಡಿಯಲ್ಲಿ ಹಿಂದೂಪುರದ ಸಂತೆಗೆ ಹಾಕಿ ಬರುತ್ತಿದ್ದರು. ಒಂದು ಸಲ ಜ್ವರ ಹೊತ್ತು ಬಂದವರು ಮತ್ತೆ ಏಳಲಿಲ್ಲ. ನಿಮ್ಮ ದೊಡ್ಡತ್ತೆಗೆ ಆಗ ಹತ್ತು ವರ್ಷ, ನಿಮ್ಮಪ್ಪನಿಗೆ ಎಂಟು. ಚಿಕ್ಕತ್ತೆಯನ್ನು ಎಲ್ಲರೂ ಪುಟ್ಟಿ ಎನ್ನುತ್ತಿದ್ದೆವು, ಅವಳಿಗೆ ಆಗಷ್ಟೇ ನಾಲ್ಕು ತುಂಬಿತ್ತು. ಊರ ಶಾಲೆಯ ಮೇಷ್ಟ್ರಿಗೆ ವರ್ಗವಾಗಿ, ಅವರ ಜಾಗಕ್ಕೆ ಯಾರೂ ಬಾರದೆ ಶಾಲೆ ಮುಚ್ಚಿಹೋಗಿತ್ತು. ದೊಡ್ಡವಳು ಕಲಿತದ್ದನ್ನು ಮರೆಯುತ್ತಿದ್ದಳು. ನಿಮ್ಮಪ್ಪ ಮರೆಯುವಷ್ಟು ಕಲಿತೇ ಇರಲಿಲ್ಲ.

ಮಾವನವರು, ಎಂದರೆ ನಿಮ್ಮ ತಾತನ ಅಪ್ಪ, ಅವನನ್ನು ಕೊಡಿಗೇನಹಳ್ಳಿ ಶಾಲೆಗೆ ಕರೆದುಕೊಂಡು ಹೋದರು. ಅಲ್ಲಿನ ಹೆಡ್ಮಾಸ್ಟರು ಒಂದು ಸಾಲು ಓದಿಸಿ ನೋಡಿ, ಈಗ ಸೇರಿಸಿಕೊಂಡರೆ ಇವನು ಮೊದಲನೇ ಕ್ಲಾಸಿನ ಪುಟ್ಟ ಮಕ್ಕಳ ಜೊತೆ ಕೂರಬೇಕಾಗುತ್ತದೆ ಎಂದರಂತೆ. ಆ ಸಂಜೆ ನನ್ನ ಭಾವ, ಎಂದರೆ ನಿಮ್ಮ ತಾತನ ಅಣ್ಣ, ಜಗಲಿಯಲ್ಲಿ ಕೂತು ಒಂದು ದಾರಿ ಹೇಳಿದರು.

"ಹುಡುಗನ್ನ ಸಿರಾಕ್ಕೆ ಕಳಿಸ್ಬುಡಾನ ಕಣಪ್ಪ. ನನ್ನ ಹೆಂಡ್ತಿ ತೌರಾಗೆ ಅಂಗಡಿ ಐತೆ, ಪಕ್ಕದಾಗೇ ಇಸ್ಕೂಲೈತೆ. ಓದ್ತಾ ಯಾಪಾರಾನೂ ಕಲೀತಾನೆ. ದೊಡ್ಡ ಹುಡುಗಿ ಕೊರಟಗೆರೆಗೆ ಹೋಗ್ಲಿ, ತಂಗಿಗೆ ಬಾಣಂತನ ಬಂತು, ಕೈಗಾಯ್ತಾಳೆ. ಪುಟ್ಟಿ ಹೆಂಗೂ ಇಲ್ಲೇ ಇರ್ತಾಳೆ."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸಿರಾದವರೂ ಒಳ್ಳೆಯವರು, ಕೊರಟಗೆರೆಯ ನಾದಿನಿಯೂ ಒಳ್ಳೆಯವಳು. ಹಾಗಿರುವುದರಿಂದಲೇ ನನಗೆ ಬೇಡ ಎನ್ನಲು ಒಂದು ಮಾತೂ ಸಿಗಲಿಲ್ಲ. ಒಳಗೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಗಂಡ ಹೋದ ಹೊಸತರಲ್ಲಿ ಹೆಂಗಸು ಜಗಲಿಗೆ ಬರುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಇದ್ದಿದ್ದರೂ ನಾನು ಬರುತ್ತಿರಲಿಲ್ಲ ಎನ್ನಿ. ಮಕ್ಕಳು ಒಬ್ಬೊಬ್ಬರಾಗಿ ಮನೆಯಿಂದ ಹೋಗುತ್ತಾರೆ ಎಂಬುದಷ್ಟೇ ನನಗೆ ಕಾಣಿಸುತ್ತಿತ್ತು.

ಮಾವ ಯೋಚಿಸಿ, ಜಗಲಿಯ ತುದಿಯಲ್ಲಿದ್ದ ಪಾವಗಡದ ಮೇಷ್ಟ್ರನ್ನು ಕೇಳಿದರು. "ಒಂದು ವರ್ಷ ಪಾಠ ಹೇಳಿದ್ರೆ ಹುಡುಗ ಮೂರನೇ ಕ್ಲಾಸಿಗೆ ಏರ್ತಾನಾ ಮೇಷ್ಟ್ರೇ?"

"ಏರ್ತಾನೆ. ಆದ್ರೆ ಪಾಠ ನಾನು ಹೇಳಲ್ಲ ಯಜಮಾನ್ರೇ. ಇವತ್ತಿದ್ದೋನು ನಾಳೆ ಇರ್ತೀನೋ ಇಲ್ವೋ. ಮಕ್ಕಳ ತಾಯಿ ಹೇಳ್ಲಿ. ಹೆಂಗೆ ಹೇಳ್ಬೇಕು ಅನ್ನೋದನ್ನ ನಾನು ಹೇಳ್ತೀನಿ."

ಮಾವ ನಕ್ಕರು. "ಅವಳಾ? ನಾಕನೇ ಕ್ಲಾಸು ಓದವ್ಳೆ, ಅದು ದಿಟ. ಆದ್ರೆ ನನ್ನತ್ರಾನೇ ಬಾಯಿ ಬಿಡಾಕಿಲ್ಲ."

"ನನ್ನತ್ರ ಬಾಯಿ ಬಿಡೋದು ಬ್ಯಾಡ. ಮಕ್ಕಳತ್ರ ಬಿಟ್ರೆ ಸಾಕು," ಎಂದರು ಮೇಷ್ಟ್ರು.

ಮುಂದಿನ ಬೇಸಗೆ ಕಳೆದ ಮೇಲೆ ಹೆಡ್ಮಾಸ್ಟರು ಮತ್ತೆ ಪರೀಕ್ಷೆ ಮಾಡಲಿ, ಹುಡುಗ ಮೂರನೇ ಕ್ಲಾಸಿಗೆ ಆದರೆ ಮೂರೂ ಮಕ್ಕಳು ಇಲ್ಲೇ ಇದ್ದು ಕೊಡಿಗೇನಹಳ್ಳಿಗೆ ನಡೆದು ಹೋಗಿಬರಲಿ, ಇಲ್ಲವಾದರೆ ಸಿರಾ ಎಂದು ಮಾವ ತೀರ್ಮಾನ ಹೇಳಿದರು. ಭಾವ ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ. ಆದರೂ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನಾನೂ ಮೇಷ್ಟ್ರೂ ಮಾತಾಡುತ್ತಿದ್ದುದು ಪುಟ್ಟಿಯ ಮೂಲಕ. ಆಗೆಲ್ಲ ಹಾಗೇ. ಹೆಂಗಸಿನೊಂದಿಗೆ ನೇರವಾಗಿ ಮಾತಾಡದ ಗಂಡಸರು ಮನೆಯ ಮಗುವಿಗೆ ಹೇಳುತ್ತಿದ್ದರು, ಹೆಂಗಸರೂ ಮಗುವಿಗೇ ಉತ್ತರ ಕೊಡುತ್ತಿದ್ದರು. ಜಗಲಿಯಲ್ಲಿ ಅವರು, ಗೋಡೆಯ ಈಚೆ ಬೀಸುಕಲ್ಲಿನ ಮುಂದೆ ನಾನು, ಹೊಸ್ತಿಲ ಮೇಲೆ ಪುಟ್ಟಿ. ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು. ಆದರೂ ಅವಳು ಎದ್ದು ಬಂದು ಹೇಳಿ ಹೋಗುತ್ತಿದ್ದಳು.

ಮೊದಲ ದಿನ ಅವರು ಕೇಳಿಸಿದ್ದು ಇದು: "ಪುಟ್ಟಮ್ಮಾ, ನಿಮ್ಮಮ್ಮನ್ನ ಕೇಳು ತಲ್ಲಿ. ಯಾವ ಮಗೂಗೆ ಏನೇನು ಕಲಿಸ್ಬೇಕು ಅಂತ ಅವರ ಮನಸಿನಾಗೈತೆ?"

ಹುಡುಗಿಯನ್ನು ತಾಯಿ ಎಂದು ಕರೆಯುವುದು ಆ ಕಡೆಯ ತೆಲುಗು ಮಾತಿನ ರೂಢಿ. ಆ 'ತಲ್ಲಿ' ಎಂಬ ಮಾತಿಗೆ ಪುಟ್ಟಿ ಕುಣಿಯುತ್ತ ಒಳಗೆ ಬಂದಳು. ನನ್ನ ಮನಸ್ಸಿನಲ್ಲಿ ಏನಿದೆ ಎಂದು ಅಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. ಗಣಿತ, ಓದು, ಹೊಲಿಗೆ ಎಂದೇನಾದರೂ ಹೇಳಬೇಕಿತ್ತೇನೋ. ನನ್ನ ಬಾಯಿಂದ ಬಂದದ್ದು ಬೇರೆ.

"ಮೂರೂ ಒಟ್ಟಿಗಿರ್ಬೇಕು ಅಂತ ಹೇಳು."

ಆ ಕಡೆ ನಶ್ಯದ ಡಬ್ಬಿ ತಟ್ಟುವ ಸದ್ದು ನಿಂತಿತು. "ಸರೇ," ಎಂದರು. "ಹಂಗಾದ್ರೆ ಪಾಠಾನೂ ಒಂದೇ ಆಗ್ಲಿ."

ಮಾವ ಮಧುಗಿರಿಗೆ ಹೋದಾಗ ಮೂವರಿಗೂ ಒಂದೊಂದು ಪುಸ್ತಕ ತಂದಿದ್ದರು, ಅವರವರ ವಯಸ್ಸಿಗೆ ತಕ್ಕಂತೆ. ಮೇಷ್ಟ್ರು ಮೂರನ್ನೂ ತಿರುವಿ ನೋಡಿ ಮೂರನೇ ಕ್ಲಾಸಿನದನ್ನು ಮಾತ್ರ ಇಟ್ಟುಕೊಂಡರು. ಮೂವರಿಗೆ ಮೂರು ಪಾಠ ಆದರೆ ತಾಯಿಯೂ ಮೂರಾಗಬೇಕು, ಮುದ್ದೆ ತಿರುವುವವರು ಯಾರು ಎಂದರು. ಒಂದು ದಿನಕ್ಕೆ ಒಂದು ಪುಟ. ದೊಡ್ಡವಳು ಅದನ್ನು ಗಟ್ಟಿಯಾಗಿ ಓದಬೇಕು, ಅರ್ಥ ಬಿಡಿಸಿ ತಮ್ಮನಿಗೆ ಹೇಳಬೇಕು. ತಮ್ಮ ಅದನ್ನು ಪುಸ್ತಕ ನೋಡದೆ ತನ್ನ ಮಾತಿನಲ್ಲಿ ಪುಟ್ಟಿಗೆ ಕಥೆಯಾಗಿ ಹೇಳಬೇಕು, ಆಮೇಲೆ ಸ್ಲೇಟಿನ ಮೇಲೆ ನಾಲ್ಕು ಸಾಲು ಬರೆಯಬೇಕು. ಪುಟ್ಟಿಗೆ ದಿನಕ್ಕೆ ಒಂದೇ ಅಕ್ಷರ. ಇವತ್ತು 'ಮ' ಎಂದರೆ, ಆ ಪುಟದಲ್ಲಿ 'ಮ' ಕಂಡಲ್ಲೆಲ್ಲ ಅವಳು ಒಂದೊಂದು ಹುಣಸೆಬೀಜ ಇಡಬೇಕು. ಇಟ್ಟಾದ ಮೇಲೆ ನಿಮ್ಮಪ್ಪ ಬೀಜ ಎಣಿಸಿ ಮೂವರಿಗೂ ಸಮನಾಗಿ ಹಂಚಬೇಕು, ಉಳಿದದ್ದೆಷ್ಟು ಎಂದು ಹೇಳಬೇಕು. ಹಂಚಿದ್ದು ಸರಿಯೋ ಎಂದು ದೊಡ್ಡವಳು ನೋಡಬೇಕು. ಮನೆಯಲ್ಲಿ ಹುಣಸೆಬೀಜಕ್ಕೆ ಬರವಿರಲಿಲ್ಲ. ಬೆಳಿಗ್ಗೆ ನಾನು ಇದನ್ನೆಲ್ಲ ಅಡಿಗೆಮನೆಯಲ್ಲಿ ಮಾಡಿಸುವುದು, ಮಧ್ಯಾಹ್ನ ಮಕ್ಕಳು ಜಗಲಿಯಲ್ಲಿ ಅವರಿಗೆ ಒಪ್ಪಿಸುವುದು, ಆಮೇಲೆ ನಾಳೆಯ ಪುಟ ಯಾವುದು, ಯಾರು ಎಲ್ಲಿ ಹಿಂದೆ ಬಿದ್ದಿದ್ದಾರೆ ಎಂದು ಪುಟ್ಟಿಯ ಮೂಲಕ ಮಾತಾಡುವುದು. ಇದು ನಮ್ಮ ಶಾಲೆ.

ಭಾವನಿಗೆ ಇದು ಹಿಡಿಸಲಿಲ್ಲ. "ಏನ್ ಮೇಷ್ಟ್ರೇ, ಪುಸ್ತಕದಾಗೆ ಹುಣಸೆಬೀಜ ಬಿತ್ತಿದ್ರೆ ಬೆಳೆ ಬತ್ತದಾ?"

"ದಾರೀಲಿ ಹೋಗೋರು ತುಳೀದೆ ಇದ್ರೆ ಬತ್ತದೆ ಯಜಮಾನ್ರೇ."

ಭಾವನೇ ಗಟ್ಟಿಯಾಗಿ ನಕ್ಕುಬಿಟ್ಟರು. ನಾನು ಒಳಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಗಂಡ ಹೋದ ಮೇಲೆ ನಗುವುದು ಅದೇ ಮೊದಲಿರಬೇಕು, ನನ್ನ ನಗು ನನಗೇ ಬೇರೆ ಯಾರದೋ ಎನ್ನಿಸಿತು.

ಪುಟ್ಟಿ ಹೊತ್ತು ತರುತ್ತಿದ್ದ ಮಾತುಗಳು ದಾರಿಯಲ್ಲಿ ಬದಲಾಗುತ್ತಿದ್ದವು. ಒಂದು ದಿನ ಮೇಷ್ಟ್ರು, "ಅಣ್ಣಂಗೆ ಭಾಗಾಕಾರ ಇನ್ನೂ ಕೂತಿಲ್ಲ. ರೊಟ್ಟಿ ಮುರಿದು ಕೊಡೋವಾಗ ಅರ್ಧ, ಕಾಲು ಅಂತ ಹೇಳ್ಕೊಡ್ಲಿ ಅನ್ನು," ಎಂದರು. ಪುಟ್ಟಿ ಒಳಗೆ ಓಡಿ ಬಂದು, "ಅಮ್ಮಾ, ಮೇಷ್ಟ್ರಿಗೆ ರೊಟ್ಟಿ ಬೇಕಂತೆ!" ಎಂದು ಕೂಗಿದಳು. ದೊಡ್ಡವಳು ಬಿದ್ದು ಬಿದ್ದು ನಕ್ಕಳು. ನಾನು ಒಂದು ರೊಟ್ಟಿಗೆ ಬೆಣ್ಣೆ ಸವರಿ ಕಳಿಸಿಯೇಬಿಟ್ಟೆ. ಬೇಡ ಎನ್ನಲು ಅವರಿಗೂ ಆಗಲಿಲ್ಲ. ತಿನ್ನುವ ಸದ್ದು ಕೇಳಿಸಿತು. ಬಹಳ ಮೆಲ್ಲಗೆ, ನೆಂಟರ ಮನೆಯಲ್ಲಿ ಉಣ್ಣುವವರ ಹಾಗೆ ತಿಂದರು.

ನನ್ನ ಮಾತು ಪುಟ್ಟಿಯ ಬಾಯಲ್ಲಿ ಹೋಗುತ್ತಿತ್ತಾದರೂ ಇನ್ನೊಂದು ಮಾತು ನೇರವಾಗಿಯೇ ಹೋಗುತ್ತಿತ್ತು. ಮಕ್ಕಳು ಒಪ್ಪಿಸುವಾಗ ನಾನು ರಾಗಿ ಬೀಸುತ್ತಿರುತ್ತಿದ್ದೆ. ಯಾರಾದರೂ ತಪ್ಪು ಓದಿದರೆ ನನಗೆ ತಿಳಿಯದೆಯೇ ಕೈ ನಿಂತುಬಿಡುತ್ತಿತ್ತು. ಸ್ವಲ್ಪ ದಿನಕ್ಕೆ ಮೇಷ್ಟ್ರು ಅದನ್ನು ಹಿಡಿದರು. "ಕಲ್ಲು ನಿಂತೋಯ್ತು ನೋಡು ಮಗಾ, ಇನ್ನೊಂದ್ಸಲ ಓದು," ಎನ್ನುವರು. ಅವಸರಪಡಿಸುತ್ತಿರಲಿಲ್ಲ. "ಆತುರ ಇಲ್ಲ. ಅಕ್ಷರ ಏನು ಎದ್ದು ಓಡೋಗ್ತದಾ?" ಎನ್ನುವುದು ಅವರ ಮಾತು. ಒಂದೊಂದು ಸಲ ನಾನು ಕಾಳು ಹಾಕಲು ನಿಲ್ಲಿಸಿದರೂ ನಿಮ್ಮಪ್ಪ ಹೆದರಿ ಸರಿಯಾಗಿ ಓದಿದ್ದನ್ನೇ ಮತ್ತೆ ಓದುತ್ತಿದ್ದ.

ಸಂಜೆ ಹೊರಡುವ ಮುಂಚೆ ಮೇಷ್ಟ್ರು ಮಗ್ಗಿ ಹೇಳಿಸುತ್ತಿದ್ದರು. ಅವರು ಒಂದು ಸಾಲು ಎತ್ತಿಕೊಡುವುದು, ನಿಮ್ಮಪ್ಪ ಹಿಂದಿನಿಂದ ಹೇಳುವುದು. ಅದರಲ್ಲಿ ಒಂದು ರಾಗವಿತ್ತು. ಆಗ ದೊಡ್ಡವಳು ದೀಪ ಒರೆಸಲು ಒಳಗೆ ಬಂದಿರುತ್ತಿದ್ದಳು. ನನ್ನ ಬೀಸುಕಲ್ಲು ಆ ರಾಗಕ್ಕೇ ತಿರುಗುತ್ತಿತ್ತು. ಮಗ್ಗಿಗೆ ಮಾತ್ರ ಅದು ಒಂದು ದಿನವೂ ನಿಲ್ಲಲಿಲ್ಲ.

ಬೇಸಗೆ ಕಳೆದು, ಗಾಡಿ ಕಟ್ಟಿಸಿಕೊಂಡು ಮಾವ, ಮೇಷ್ಟ್ರು, ಮೂರೂ ಮಕ್ಕಳು ಕೊಡಿಗೇನಹಳ್ಳಿಗೆ ಹೋದರು. ನಾನು ಆ ದಿನ ಏನು ಕೆಲಸ ಮಾಡಿದೆ ಎಂದು ಕೇಳಬೇಡಿ. ಬೀಸಿದ್ದನ್ನೇ ಬೀಸಿದೆ.

ಅಲ್ಲಿ ನಡೆದದ್ದನ್ನು ಬಂದ ಮೇಲೆ ಮಾವ ಜಗಲಿಯಲ್ಲಿ ಕೂತು ಭಾವನಿಗೆ ಹೇಳಿದರು. ನಾನು ಒಳಗಿಂದ ಕೇಳಿದೆ. ನಿಮ್ಮಪ್ಪ ಪುಸ್ತಕ ನೀರು ಕುಡಿದಂತೆ ಓದಿದ. ಹೆಡ್ಮಾಸ್ಟರು ಹೇಳಿದ್ದನ್ನು ತಪ್ಪಿಲ್ಲದೆ ಬರೆದ. ಕೊನೆಗೆ ಅವರು, "ಎಂಟರ ಮಗ್ಗಿ ಹೇಳಪ್ಪ," ಎಂದರು. ನಿಮ್ಮಪ್ಪ ಕೈಕಟ್ಟಿ, ಕಣ್ಣು ಮುಚ್ಚಿ, ರಾಗವಾಗಿ ಶುರುಮಾಡಿದ.

"ಎನಿಮಿದೊಕಟ್ಲ ಎನಿಮಿದಿ, ಎನಿಮಿದಿ ರೆಳ್ಳ ಪದಹಾರು..."

ಅಷ್ಟೂ ತೆಲುಗು. ಕ್ಲಾಸಿನ ಹುಡುಗರು ಹೋ ಎಂದು ನಕ್ಕರಂತೆ. "ಲೇ, ಇದು ಮೈಸೂರು ಸೀಮೆ ಇಸ್ಕೂಲು ಕಣ್ಲಾ! ಹಿಂದೂಪುರದಾಗೆ ಹೋಗಿ ಹೇಳು ಇದನ್ನ," ಎಂದು ಹೆಡ್ಮಾಸ್ಟರು ಗದರಿದರು. "ಕನ್ನಡದಾಗೆ ಹೇಳು." ನಿಮ್ಮಪ್ಪನಿಗೆ ಏನು ತಪ್ಪಾಯಿತೆಂದೇ ತಿಳಿಯಲಿಲ್ಲ. ಮಗ್ಗಿ ಎಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದ. ಇನ್ನೊಂದು ಥರ ಅವನಿಗೆ ಬರುತ್ತಲೇ ಇರಲಿಲ್ಲ. "ಈ ಹುಡುಗ ಸಿರಾ ಪಾಲಾದ ಅಂದ್ಕೊಂಡೆ," ಎಂದರು ಮಾವ.

ಆಗ ಬಾಗಿಲ ಹತ್ತಿರ ನಿಂತಿದ್ದ ದೊಡ್ಡವಳು, ಯಾರೂ ಕೇಳದಿದ್ದರೂ, "ಎಂಟೊಂದ್ಲ ಎಂಟು," ಎಂದಳು. ಅವಳು ಹಳೆಯ ಶಾಲೆಯಲ್ಲಿ ಕನ್ನಡದ್ದನ್ನು ಕಲಿತವಳು. ನಿಮ್ಮಪ್ಪ ಅವಳ ಮುಖ ನೋಡಿ ತೆಲುಗಿನ ಮುಂದಿನ ಸಾಲು ಹೇಳಿದ, ಅವಳು ಅದನ್ನು ಕನ್ನಡದಲ್ಲಿ ಹೇಳಿದಳು. ಹೀಗೇ ಇಬ್ಬರೂ ಕೊನೆಯವರೆಗೆ ಹೋದರು.

"ನಿನ್ನ ಯಾರಮ್ಮ ಕೇಳಿದ್ದು?" ಎಂದರಂತೆ ಹೆಡ್ಮಾಸ್ಟರು.

"ಯಾರೂ ಕೇಳ್ಲಿಲ್ಲ ಸಾರ್. ನಮ್ಮನೇಲಿ ಅಂಗೇ. ಅವನು ನಿಂತೋದ್ರೆ ನಾನು ಎತ್ತಿಕೊಡೋದು, ಪುಟ್ಟಿ ನಿಂತೋದ್ರೆ ಅವನು ಎತ್ತಿಕೊಡೋದು."

ಹೆಡ್ಮಾಸ್ಟರು, "ಲೆಕ್ಕವೇನೋ ತಪ್ಪಿಲ್ಲ," ಎಂದರು. ದಸರಾ ರಜೆಯೊಳಗೆ ಕನ್ನಡದ ಮಗ್ಗಿ ಕಲಿಯಬೇಕೆಂದು ಹೇಳಿ ಅವನನ್ನು ಮೂರನೇ ಕ್ಲಾಸಿಗೆ ಸೇರಿಸಿಕೊಂಡರು. ದೊಡ್ಡವಳನ್ನು ನಾಲ್ಕನೆಯದಕ್ಕೆ, ಪುಟ್ಟಿಯನ್ನು ಮೊದಲನೆಯದಕ್ಕೆ. ಭಾವ ಆಮೇಲೆ ಸಿರಾದ ಮಾತೆತ್ತಲಿಲ್ಲ. ಕೊರಟಗೆರೆಯ ಬಾಣಂತನಕ್ಕೆ ಹಿಂದಿನ ವರ್ಷವೇ ಬೇರೆ ಯಾರನ್ನೋ ಗೊತ್ತುಮಾಡಿಯಾಗಿತ್ತು.

ಮಾವ ನಗುನಗುತ್ತ ಇದನ್ನೆಲ್ಲ ಹೇಳುವಾಗ ಮೇಷ್ಟ್ರೂ ಜಗಲಿಯಲ್ಲಿದ್ದರು. ಅವರೆಲ್ಲ ಎದ್ದುಹೋದ ಮೇಲೆ ಪುಟ್ಟಿಯನ್ನು ಕರೆದರು.

"ನಿಮ್ಮಮ್ಮಂಗೆ ಹೇಳು ತಲ್ಲಿ. ನನಗೆ ಮಗ್ಗಿ ಹೇಳ್ಕೊಟ್ಟಿದ್ದು ನಮ್ಮಮ್ಮ. ಬಾಯಿ ಬಿಟ್ರೆ ಅಂಗೇ ಬಂದ್ಬುಡ್ತದೆ. ಇಷ್ಟು ವರ್ಷ ಮೇಷ್ಟ್ರಾಗಿದ್ದೀನಿ, ನನ್ನ ಕಿವಿಗೇ ಬೀಳ್ಲಿಲ್ಲ ಅನ್ನು."

ನನ್ನ ಕಿವಿಗೂ ಬಿದ್ದಿರಲಿಲ್ಲ. ನನ್ನ ತವರೂ ಆ ಕಡೆಯದೇ. ಮನೆಯಲ್ಲಿ ಯಾವ ಮಾತು ಕನ್ನಡ, ಯಾವುದು ತೆಲುಗು ಎಂದು ನಾವು ವಿಂಗಡಿಸಿದವರಲ್ಲ. "ನಮ್ಮಮ್ಮಾನೂ ನಂಗೆ ಅಂಗೇ ಹೇಳ್ಕೊಟ್ಟಿದ್ಲು ಅಂತ ಹೇಳು," ಎಂದೆ.

ಗೋಡೆಯ ಆ ಕಡೆ ಅವರು ಮಿಸುಕಿದ್ದು ಕೇಳಿಸಿತು. "ಯಾವೂರು ಅಂತ ಕೇಳು."

"ನಾಗಲಮಡಿಕೆ ಹತ್ರ ಅಂತ ಹೇಳು."

"ಅಯ್ಯೋ ಶಿವನೇ, ಅಲ್ಲಿ ಮೂರು ವರ್ಷ ಇದ್ದೆ ನಾನು! ಹೊಳೆ ಕಡೆಗೋ, ಈ ಕಡೆಗೋ ಕೇಳು ತಲ್ಲಿ..."

ಪುಟ್ಟಿಗೆ ಬೇಸರ ಬಂದಿತ್ತು. ಬೀದಿಯಲ್ಲಿ ಯಾರೋ ಕರೆದರು. ಅವಳು ಆಡಲು ಓಡಿಹೋದಳು. ಉತ್ತರ ನನ್ನ ಬಾಯಲ್ಲೇ ಇತ್ತು. ಪಾಠದ ಹೊರಗೆ ನಾವು ಆಡಿದ್ದು ಅಷ್ಟೇ ಮಾತು.

ಶಾಲೆಗೆ ಹೋದ ಮೊದಲ ದಿನ ಮೂವರೂ ಕೈ ಹಿಡಿದುಕೊಂಡು ಹೊರಟರು, ಪುಟ್ಟಿ ನಡುವೆ. ಜಗಲಿ ಖಾಲಿ ಇದ್ದುದರಿಂದ ನಾನು ಅಲ್ಲಿಯವರೆಗೂ ಬಂದು ಅವರು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ನಾನು ಬೇಡಿದ್ದು ಅಷ್ಟೇ. ಅದು ಆಯಿತು.

ಮಧ್ಯಾಹ್ನ ನೆರಳು ತಿರುಗಿತು. ಮೆಟ್ಟು ಉಜ್ಜುವ ಸದ್ದು ಬಂತು. ಅವರು 'ಉಸ್ಸಪ್ಪಾ' ಎಂದು ಕೂತು, ಡಬ್ಬಿ ತಟ್ಟಿ, "ಪುಟ್ಟಮ್ಮಾ," ಎಂದು ಕರೆದರು.

ಮಾವ ಆ ಹೊತ್ತಿನಲ್ಲಿ ಹೊಲದಲ್ಲಿರುತ್ತಿದ್ದರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸುಮ್ಮನಿದ್ದುಬಿಡೋಣ ಎಂದುಕೊಂಡೆ. ಆದರೆ ಅವರು ಇನ್ನೊಮ್ಮೆ ಕರೆದರು.

"ಇಸ್ಕೂಲಿಗೆ ಹೋಗವ್ಳೆ," ಎಂದೆ. ನಾನು ಅವರಿಗೆ ನೇರವಾಗಿ ಆಡಿದ ಮಾತು ಅದೊಂದೇ.

"ಹೌದಲ್ವಾ," ಎಂದರು. ಮಕ್ಕಳಿಲ್ಲದ ಮನೆಯ ಜಗಲಿಯಲ್ಲಿ, ಒಳಗೆ ಒಬ್ಬಳೇ ಹೆಂಗಸಿರುವಾಗ ಅವರು ಕೂರುವಂತಿರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಎದ್ದು ಹೋದರು. ಆಮೇಲೆ ಆ ಹೊತ್ತಿಗೆ ಬರಲಿಲ್ಲ. ಸಂಜೆ ಒಂದೆರಡು ಸಲ ಬಂದರು. ಮಕ್ಕಳು ನಡೆದು ಸುಸ್ತಾಗಿ ಬಂದಿರುತ್ತಿದ್ದರು, ಹಸಿದಿರುತ್ತಿದ್ದರು. "ನಮ್ಮ ಮೇಷ್ಟ್ರು ಅಂಗಲ್ಲ, ಇಂಗೆ ಹೇಳ್ಕೊಟ್ರು," ಎಂದು ನಿಮ್ಮಪ್ಪ ಹೊಸ ಶಾಲೆಯ ಸುದ್ದಿ ಹೇಳುವನು. "ಅಂಗೇ ಮಾಡು ಮಗಾ, ಅದೇ ಸರಿ," ಎನ್ನುವರು.

ದಸರಾ ಹೊತ್ತಿಗೆ ಪಾವಗಡದಲ್ಲಿದ್ದ ತಮ್ಮನ ಮಗನ ಮನೆಗೆ ಹೊರಟರು. ಅಲ್ಲೇ ತೀರಿಕೊಂಡರು ಎಂದು ಕೆಲವು ವರ್ಷದ ಮೇಲೆ ಅವರ ತಂಗಿ ಹೇಳಿದಳು. ಆಗಲೂ ಅದು ಹಳೆಯ ಸುದ್ದಿಯಾಗಿತ್ತು.

ಅವರು ಹೊರಟ ದಿನ ಶಾಲೆಗೆ ರಜ. ಗಾಡಿ ಎದುರು ಮನೆಯ ಮುಂದೆ ನಿಂತಿತ್ತು. ದೊಡ್ಡವಳೂ ನಿಮ್ಮಪ್ಪನೂ ಹೋಗಿ ಕಾಲಿಗೆ ಬಿದ್ದು ಬಂದರು. ಪುಟ್ಟಿ ಎಲ್ಲರಿಗಿಂತ ಆಮೇಲೆ, ಗಾಡಿ ಹೊರಟೇಹೋದ ಮೇಲೆ ಒಳಗೆ ಬಂದಳು.

"ಏನಂದ್ರು ಮೇಷ್ಟ್ರು?" ಎಂದೆ.

"ಏನೂ ಅನ್ಲಿಲ್ಲಮ್ಮ. ಇಂಗೆ ತಲೆ ಸವರಿದ್ರು, ಅಷ್ಟೇ."

ದಾರಿಯಲ್ಲಿ ಮರೆತಿರಬಹುದು, ಈಗ ನೆನಪಾಗುತ್ತದೆ ಎಂದು ನಾನು ಅವಳ ಮುಖ ನೋಡುತ್ತ ಸ್ವಲ್ಪ ಹೊತ್ತು ಕಾದೆ.